ಎರಿಹೊಲದ ಬಿರುಕು, ಮಲ್ಪೆಯ ಕಲ್ಲುಕಂಬ

ದೀಪಾವಳಿ ಮುಗಿದು ಹಿಂಗಾರಿ ಜೋಳ ಮೊಳಕಾಲೆತ್ತರ ಬರುವ ಹೊತ್ತಿಗೆ ರೋಣ, ನರಗುಂದ, ಗಜೇಂದ್ರಗಡದ ಕಡೆ ಶಾಲೆಗಳಲ್ಲಿ ಪ್ರವಾಸದ ಪಟ್ಟಿ ತಯಾರಾಗುತ್ತದೆ. ಪಟ್ಟಿಯಲ್ಲಿ ಹೊಸದೇನೂ ಇರುವುದಿಲ್ಲ. ಗೋಕರ್ಣ, ಮುರುಡೇಶ್ವರ, ಕೊಲ್ಲೂರು, ಉಡುಪಿ, ಸಮಯ ಉಳಿದರೆ ಧರ್ಮಸ್ಥಳ. ಅಸೂಟಿಯಂಥ ಊರಿನಿಂದ ರಾತ್ರಿ ಹೊರಟ ಬಸ್ಸು ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡು ಹಾದು, ಅರಬೈಲ್ ಘಟ್ಟ ಇಳಿದರೆ ಬೆಳಗಿನ ಜಾವಕ್ಕೆ ಸಮುದ್ರದ ಗಾಳಿ. ಮೊದಲ ಸಲ ಸಮುದ್ರ ಕಂಡ ಮಕ್ಕಳ ಕೂಗಾಟ ಕೇಳಿದವರಿಗೆ ಈ ಪ್ರವಾಸದ ಬೆಲೆ ಬೇರೆ ಹೇಳಬೇಕಾಗಿಲ್ಲ. ಕೃಷ್ಣಮಠದ ದರ್ಶನ, ಊಟ ಆದ ಮೇಲೆ ಬಸ್ಸು ಮಲ್ಪೆಗೆ ತಿರುಗುತ್ತದೆ. ಒಂಟೆ ಸವಾರಿ, ಚುರುಮುರಿ, ಒದ್ದೆ ಚಡ್ಡಿ, ಗುಂಪಿನ ಫೋಟೊ. ದುಡ್ಡು ಹೊಂದಿದರೆ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ.

ಆ ದ್ವೀಪದ ಕಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಬರುವ ನಮ್ಮ ಮಂದಿಯಲ್ಲಿ ಬಹಳಷ್ಟು ಜನಕ್ಕೆ ತಾವು ನಿಂತದ್ದು ಜ್ವಾಲಾಮುಖಿಯ ಕಲ್ಲಿನ ಮೇಲೆ ಎಂದು ಯಾರೂ ಹೇಳಿರುವುದಿಲ್ಲ. ಅಲ್ಲಿ ಒಂದು ಫಲಕವಿದೆ, ನಿಜ. ಆದರೆ ಫಲಕ ಓದುವ ಪುರುಸೊತ್ತು ದೋಣಿಯವರ ಸಮಯದಲ್ಲಿ ಸಿಗುವುದು ಕಷ್ಟ. ಜ್ವಾಲಾಮುಖಿ ದ್ವೀಪವೆಂದರೆ ಹವಾಯಿ, ಇಂಡೋನೇಷ್ಯಾ, ಟಿ.ವಿ.ಯಲ್ಲಿ ಕೆಂಪಗೆ ಹರಿಯುವ ಲಾವಾ ಎಂದುಕೊಂಡವರಿಗೆ, ಉಡುಪಿಯಿಂದ ಅರ್ಧ ತಾಸಿನ ದಾರಿಯಲ್ಲಿ ಅಂಥದ್ದೊಂದು ಇದೆ ಎಂದರೆ ನಂಬಿಕೆ ಬರುವುದು ತಡ. ಅದನ್ನು ಅರಿಯಲು ರೋಣ ತಾಲೂಕಿನ ಹುಡುಗನಿಗೆ ಕರಾವಳಿಯ ಹುಡುಗನಿಗಿಂತ ಒಂದು ಅನುಕೂಲ ಹೆಚ್ಚೇ ಇದೆ. ಅವನ ಹೊಲದಲ್ಲಿ ಎರಿ, ಅಂದರೆ ಕಪ್ಪು ಎರೆಮಣ್ಣು ಇದೆ.

ಮೊದಲು ದ್ವೀಪದ ಸಂಗತಿ. ಮಲ್ಪೆಯಿಂದ ಸುಮಾರು 6 ಕಿ.ಮೀ. ದೂರದಲ್ಲಿ, ದಡಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಉತ್ತರ ದಕ್ಷಿಣಕ್ಕೆ ಸಾಲಾಗಿ ಬಿದ್ದ ದ್ವೀಪಗಳ ಗುಂಪು ಇದು. ದೊಡ್ಡವು ನಾಲ್ಕು: ಉತ್ತರ ದ್ವೀಪ, ತೆಂಗಿನ ದ್ವೀಪ, ದರಿಯಾ ಬಹದ್ದೂರ್‌ಗಡ, ದಕ್ಷಿಣ ದ್ವೀಪ. ಜೊತೆಗೆ ಅಲ್ಲಲ್ಲಿ ತಲೆ ಎತ್ತಿದ ಬಂಡೆಗಳು. ಪ್ರವಾಸಿಗರ ದೋಣಿ ಹೋಗುವುದು ತೆಂಗಿನ ದ್ವೀಪಕ್ಕೆ. ಉದ್ದ ಅರ್ಧ ಕಿ.ಮೀ., ಅಗಲ ನೂರು ಮೀಟರ್ ಆಸುಪಾಸು. ಎತ್ತರವೆಂದರೆ ಸಮುದ್ರಮಟ್ಟದಿಂದ 10 ಮೀಟರ್ ಅಷ್ಟೇ. ನಮ್ಮ ಗಜೇಂದ್ರಗಡದ ಗುಡ್ಡ ನೋಡಿದ ಕಣ್ಣಿಗೆ ಅದು ದಿಬ್ಬವೂ ಅಲ್ಲ. ತೆಂಗಿನ ಮರಗಳಿವೆ, ಅದರಿಂದಲೇ ಹೆಸರು. ಊರಿನವರು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ಮನೆಯಿಲ್ಲ, ಮಠವಿಲ್ಲ, ರಾತ್ರಿ ಉಳಿಯಲು ಬಿಡುವುದಿಲ್ಲ. ಪಶ್ಚಿಮದ ಅಂಚಿನಲ್ಲಿ ಮರಳಿಗೆ ಬದಲು ಚಿಪ್ಪಿನ ಚೂರುಗಳ ದಡ. ಬರಿಗಾಲಲ್ಲಿ ನಡೆದರೆ ಚುಚ್ಚುತ್ತದೆ.

ಆ ಚಿಪ್ಪಿನ ಹಾಸಿನ ಹಿಂದೆಯೇ ಕಂಬಗಳು. ಕಪ್ಪು ಬೂದು ಬಣ್ಣದ, ಒಂದಕ್ಕೊಂದು ಒತ್ತಿ ನಿಂತ, ಅಂಚು ಕಡಿದಂತಿರುವ ಕಲ್ಲಿನ ಕಂಬಗಳು. ಅತಿ ಎತ್ತರದ್ದು 6 ಮೀಟರ್ ಆಸುಪಾಸು. ಕೆಲವು ನೆಟ್ಟಗೆ ನಿಂತಿವೆ, ಕೆಲವು ವಾಲಿವೆ, ಕೆಲವು ಅಲೆಗೆ ಮುರಿದು ಬರೀ ಬುಡ ಉಳಿದು, ಮೇಲಿನಿಂದ ನೋಡಿದರೆ ನೆಲಕ್ಕೆ ಕಲ್ಲಿನ ಬಿಲ್ಲೆ ಹಾಸಿದ ಹಾಗೆ ಕಾಣುತ್ತವೆ. ಒಂದೊಂದು ಬಿಲ್ಲೆಗೂ ಐದೋ ಆರೋ ಏಳೋ ಮೂಲೆ. ಹೆಚ್ಚಿನವು ಆರು. ಉಳಿ ಮುಟ್ಟಿಸದೆ ಇಷ್ಟು ಲೆಕ್ಕಾಚಾರದ ಕೆಲಸ ಹೇಗಾಯಿತು ಎಂಬ ಪ್ರಶ್ನೆ ಯಾರಿಗಾದರೂ ಬರಬೇಕು. ಹಳೆಯ ದೇವಸ್ಥಾನವೊಂದು ಮುಳುಗಿದ್ದರ ಅವಶೇಷವಿರಬಹುದು ಎಂದು ಗಂಭೀರವಾಗಿ ವಾದಿಸಿದವರನ್ನು ದೋಣಿಯಲ್ಲೇ ಕೇಳಿದ್ದೇನೆ. ಅದೇ ದೋಣಿಯಲ್ಲಿದ್ದ, ರುಮಾಲು ಸುತ್ತಿದ್ದ ನಮ್ಮ ಕಡೆಯ ಹಿರಿಯರೊಬ್ಬರು ಕಲ್ಲಿನ ಬುಡದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಸಂದು ತಡವಿ, “ಅಲ್ರೀ, ಇದು ನಮ್ಮ ಎರಿ ಸೀಳು ಬಿಟ್ಟಂಗ ಐತಲ್ರೀ” ಅಂದರು. ದೇವಸ್ಥಾನದ ವಾದಕ್ಕಿಂತ ಇದು ವಿಜ್ಞಾನಕ್ಕೆ ಬಹಳ ಹತ್ತಿರದ ಮಾತು.

ಎರಿ ಏಕೆ ಸೀಳುತ್ತದೆ ಎಂಬುದು ಅಸೂಟಿಯಲ್ಲಿ ಹೊಲ ಮಾಡುವ ಯಾರಿಗೂ ಗೊತ್ತು. ಮಳೆ ಬಂದಾಗ ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ನೀರು ಹೋಗುತ್ತಲೇ ಕುಗ್ಗುತ್ತದೆ. ಅದರಲ್ಲಿರುವ ಜೇಡಿಯ ಕಣಗಳು ಪದರ ಪದರವಾಗಿದ್ದು, ಪದರಗಳ ನಡುವೆ ನೀರು ಸೇರಿದರೆ ಹಿಗ್ಗುವ, ಆರಿದರೆ ಕುಗ್ಗುವ ಗುಣದವು. ಹೊಲದ ತುಂಬ ಮಣ್ಣು ಎಲ್ಲ ಕಡೆ ಒಟ್ಟಿಗೆ ಕುಗ್ಗಲು ಹೊರಟಾಗ ಎಲ್ಲಿಗೆ ಸರಿಯಬೇಕು? ಅಕ್ಕಪಕ್ಕದ ಮಣ್ಣು ಹಿಡಿದುಕೊಂಡಿದೆ, ಕೆಳಗಿನ ಹಸಿ ಮಣ್ಣು ಜಗ್ಗುತ್ತಿದೆ. ಎಳೆತ ತಡೆಯದೆ ಹರಿಯುತ್ತದೆ. ಹಿಂಗಾರಿ ಜೋಳದ ಹೊಲದಲ್ಲಿ ಪುಷ್ಯ, ಮಾಘದ ಹೊತ್ತಿಗೆ ಈ ಸೀಳು ಬಿಟ್ಟಿರುತ್ತದೆ. ಅದಕ್ಕೇ ನಮ್ಮ ರೈತರು ಎಡೆಕುಂಟಿ ಹೊಡೆದು ಮೇಲಿನ ಮಣ್ಣು ಸಡಿಲಿಸಿ ಸೀಳು ಮುಚ್ಚುವುದು. ಇಲ್ಲದಿದ್ದರೆ ಬೇರು ಹರಿಯುತ್ತದೆ, ಉಳಿದ ತೇವವೂ ಆ ಸಂದಿನಿಂದಲೇ ಹಾರಿಹೋಗುತ್ತದೆ. ಬೇಸಿಗೆಯಲ್ಲಿ ಬೀಳುಬಿಟ್ಟ ಹೊಲದ ಸೀಳಿನಲ್ಲಿ ಎತ್ತಿನ ಕಾಲು ಸಿಕ್ಕಿಕೊಳ್ಳುವುದೂ ಉಂಟು.

ಮಲ್ಪೆಯ ಕಲ್ಲಿನಲ್ಲಿ ಆದದ್ದೂ ಇದೇ. ಅಲ್ಲಿ ಹೋದದ್ದು ನೀರಲ್ಲ, ಶಾಖ. ಅಷ್ಟೇ ಫರಕು. ನೂರಾರು ಡಿಗ್ರಿ ಬಿಸಿಯಾಗಿದ್ದ ಲಾವಾ ಒಂದು ಕಡೆ ದಪ್ಪಗೆ ನಿಂತು ಗಟ್ಟಿಯಾಯಿತು. ಗಟ್ಟಿಯಾದ ಮೇಲೂ ಆರುತ್ತಲೇ ಹೋಯಿತು, ಆರುತ್ತ ಕುಗ್ಗಿತು, ಕುಗ್ಗುತ್ತ ಸೀಳಿತು. ಸೀಳು ಮೊದಲು ಬಿಡುವುದು ಬೇಗ ಆರುವ ಮುಖದಲ್ಲಿ, ಅಂದರೆ ಗಾಳಿ ತಾಗುವ ಮೇಲ್ಭಾಗದಲ್ಲೂ ನೆಲ ತಾಗುವ ತಳದಲ್ಲೂ. ತಂಪು ಒಳಗೊಳಗೆ ಇಳಿದ ಹಾಗೆ ಸೀಳೂ ಅದರ ಹಿಂದೆಯೇ ಇಳಿಯುತ್ತದೆ, ಒಂದೇ ಏಟಿಗಲ್ಲ, ಮೆಟ್ಟಿಲು ಮೆಟ್ಟಿಲಾಗಿ. ಎರಿಹೊಲದ ಸೀಳು ಕೆಳಗೆ ತೇವ ಸಿಕ್ಕಲ್ಲಿ ನಿಲ್ಲುತ್ತದೆ. ಲಾವಾದಲ್ಲಿ ಶಾಖ ಇರುವವರೆಗೆ ಸೀಳು ಇಳಿಯುತ್ತಲೇ ಹೋಗುತ್ತದೆ. ಅದರಿಂದಲೇ ಹೊಲದಲ್ಲಿ ಬರೀ ಹೆಂಟೆಯಾಗಿ ಉಳಿಯುವುದು ಅಲ್ಲಿ ಕಂಬವಾಯಿತು. ತಂಪಾಗುವ ಮುಖಕ್ಕೆ ನೇರವಾಗಿ, ಲಂಬವಾಗಿ ಸೀಳು ಸಾಗುವುದರಿಂದ, ಆ ಮುಖ ಓರೆಯಾಗಿದ್ದಲ್ಲಿ ಕಂಬವೂ ಓರೆ.

ಇನ್ನು ಆರು ಮೂಲೆಯ ಗುಟ್ಟು. ಹೊಸದಾಗಿ ಒಣಗಿದ ಕೆಸರು ನೋಡಿ: ಒಂದು ಸೀಳು ಮೊದಲು ಉದ್ದಕ್ಕೆ ಓಡುತ್ತದೆ, ಇನ್ನೊಂದು ಬಂದು ಅದಕ್ಕೆ ಲಂಬಕೋನದಲ್ಲಿ ಗುದ್ದಿ ನಿಲ್ಲುತ್ತದೆ. ಹಾಗಾಗಿ ತುಂಡುಗಳು ನಾಲ್ಕು ಮೂಲೆಯವು. ಅದೇ ಕೆಸರು ನೆನೆದು, ಒಣಗಿ, ಮತ್ತೆ ನೆನೆದು ಒಣಗಿದರೆ ಸೀಳುಗಳು ಮೆಲ್ಲಗೆ ತಿದ್ದಿಕೊಳ್ಳುತ್ತವೆ. ಮೂರು ಸೀಳು ಒಂದು ಬಿಂದುವಿನಲ್ಲಿ, ಒಂದಕ್ಕೊಂದು ಸುಮಾರು 120 ಡಿಗ್ರಿಯಲ್ಲಿ ಕೂಡುವ ಹಾಗೆ ಸರಿಯುತ್ತವೆ. ಎಲ್ಲ ಕಡೆ ಎಳೆತ ಸಮ ಹಂಚಿಕೆಯಾಗುವುದು ಆ ಕೂಡಿಕೆಯಲ್ಲಿ. ಹಾಗೆ ಕೂಡಿದ ಗೆರೆಗಳಿಂದ ನೆಲ ತುಂಬಿಸಿದರೆ ತುಂಡುಗಳ ಮೂಲೆಗಳು ಸರಾಸರಿ ಆರಕ್ಕೆ ಬಂದು ನಿಲ್ಲುವುದು ಗಣಿತದ ಕಟ್ಟಳೆ. ಲಾವಾದ ಸೀಳಿಗೆ ನೆನೆದು ಒಣಗುವ ಅವಕಾಶವಿಲ್ಲ. ಆದರೆ ಒಳಕ್ಕೆ ಇಳಿಯುವ ಪ್ರತಿ ಮೆಟ್ಟಿಲಿನಲ್ಲೂ ಅದಕ್ಕೆ ತಿದ್ದಿಕೊಳ್ಳುವ ಅವಕಾಶ ಸಿಗುತ್ತದೆ. ಮೇಲ್ಮೈಯಲ್ಲಿ ಅಡ್ಡಾದಿಡ್ಡಿ ಶುರುವಾದದ್ದು ಆಳಕ್ಕೆ ಹೋದಂತೆ ಶಿಸ್ತಿಗೆ ಬರುತ್ತದೆ. ಬೇಗ ಆರಿದರೆ ಕಂಬ ಸಣ್ಣ, ನಿಧಾನ ಆರಿದರೆ ದಪ್ಪ. 

ಇದನ್ನು ಅಡುಗೆಮನೆಯ ಸಾಮಾನಿನಿಂದಲೇ ಪರೀಕ್ಷಿಸಬಹುದು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳಾದ ಲೂಕಾಸ್ ಗೋರಿಂಗ್ ಮತ್ತು ಸ್ಟೀಫನ್ ಮಾರಿಸ್ ಕಾರ್ನ್‌ಫ್ಲೋರನ್ನು ನೀರಲ್ಲಿ ಕಲಸಿ, ದೀಪದ ಬಿಸಿಯಲ್ಲಿ ಒಣಗಿಸಿ, ಆ ಗಟ್ಟಿಯನ್ನು ಮುರಿದು ನೋಡಿ ಕಂಬಗಳ ಲೆಕ್ಕ ಬಿಡಿಸಿದರು. ಒಳಗೆ ಕೆಲವೇ ಮಿಲಿಮೀಟರ್ ದಪ್ಪದ, ಬಹುಭುಜದ ಕಂಬಗಳು ಸಾಲಾಗಿ ನಿಂತಿರುತ್ತವೆ. ಒಂದು ಬಟ್ಟಲು, ನೀರು, ಅಂಗಡಿಯ ಕಾರ್ನ್‌ಫ್ಲೋರ್ ಪ್ಯಾಕೆಟ್, ಒಂದು ಹಳೆಯ ಬಲ್ಬು, ಕೆಲವು ದಿನಗಳ ತಾಳ್ಮೆ. ನಮ್ಮ ಯಾವ ಸರ್ಕಾರಿ ಪ್ರೌಢಶಾಲೆಯ ಪ್ರಯೋಗಾಲಯಕ್ಕೂ ಇದು ಭಾರವಲ್ಲ.

ಜಗತ್ತಿನಲ್ಲಿ ಇಂಥ ಕಂಬಗಳು ಬೇರೆಡೆಯೂ ಇವೆ. ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇಯಲ್ಲಿ ಸುಮಾರು 40,000 ಕಂಬಗಳಿವೆ. 1986ರಿಂದ ಅದು ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಮುಂಬೈಯ ಅಂಧೇರಿಯಲ್ಲಿ, ಅಪಾರ್ಟ್‌ಮೆಂಟುಗಳ ನಡುವೆ, ಗಿಲ್ಬರ್ಟ್ ಹಿಲ್ ಎಂಬ ಕಂಬಗಲ್ಲಿನ ಗುಡ್ಡ ಒಂಟಿಯಾಗಿ ಉಳಿದಿದೆ. ಅವೆರಡೂ ಬಸಾಲ್ಟ್, ಅಂದರೆ ತೆಳ್ಳಗೆ ದೂರ ಹರಿಯುವ ಲಾವಾದ ಕಲ್ಲು. ಮಲ್ಪೆಯದು ಬೇರೆ ಜಾತಿ. ಇಲ್ಲಿ ಸಿಲಿಕಾ ನೂರಕ್ಕೆ ಎಪ್ಪತ್ತರ ಆಸುಪಾಸು. ಭೂವಿಜ್ಞಾನಿಗಳು ಇದನ್ನು ಡೇಸೈಟ್, ರಯೋಲೈಟ್ ಎನ್ನುತ್ತಾರೆ. ಸಿಲಿಕಾ ಹೆಚ್ಚಿದಷ್ಟೂ ಲಾವಾ ಅಂಟಂಟು, ಹರಿಯಲು ಸೋಮಾರಿ. ಅಂಥ ಲಾವಾ ಇಷ್ಟು ಅಚ್ಚುಕಟ್ಟಾದ ಕಂಬಗಳಾಗಿ ನಿಂತದ್ದು ಅಪರೂಪವೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದಕ್ಕೆ ಕಾರಣ ಈ ಕಂಬಗಳು. ಕರ್ನಾಟಕದಲ್ಲಿ ಇಂಥ ಸ್ಮಾರಕಗಳು ನಾಲ್ಕು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಬಿಟ್ಟರೆ ಉಳಿದ ಮೂರೂ ಜ್ವಾಲಾಮುಖಿಯ ಮಕ್ಕಳೇ: ಮಲ್ಪೆಯದೊಂದು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬುಗಳ ಆಕಾರದಲ್ಲಿ ಗಟ್ಟಿಯಾದ ಲಾವಾ ಇನ್ನೊಂದು, ಕೋಲಾರದ ಚಿನ್ನದ ಗಣಿ ಸೀಮೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಚೂರುಗಲ್ಲು ಮತ್ತೊಂದು. ಬೆಂಕಿ ಕಾರಿದ ನೆಲ ಬೇರೆ ಖಂಡದ್ದು ಎಂದು ತಿಳಿದವರು ನಮ್ಮ ರಾಜ್ಯದ ನಕ್ಷೆ ಇನ್ನೊಮ್ಮೆ ನೋಡಬೇಕು.

ಈಗ ಮುಖ್ಯ ಪ್ರಶ್ನೆ. ಮಲ್ಪೆಯ ಹತ್ತಿರ ಜ್ವಾಲಾಮುಖಿ ಯಾಕೆ ಬಂತು, ಯಾವಾಗ ಬಂತು?

ಸಿ. ನಾಗಣ್ಣ ಎಂಬ ಭೂವಿಜ್ಞಾನಿ ಈ ದ್ವೀಪಗಳ ಶಿಲೆಗಳ ಬಗ್ಗೆ 1966ರಲ್ಲೇ ಬರೆದರು. ಆ ಮೇಲೆ ವಯಸ್ಸು ಅಳೆಯುವ ಕೆಲಸ ನಡೆಯಿತು. ಕಲ್ಲಿನೊಳಗಿನ ಒಂದು ಬಗೆಯ ಪೊಟ್ಯಾಸಿಯಂ ಬಹಳ ನಿಧಾನಕ್ಕೆ ಕರಗುತ್ತ, ಅದರ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಅರ್ಧ ಕರಗಲು 125 ಕೋಟಿ ವರ್ಷ ಬೇಕು. ಕಲ್ಲು ಗಟ್ಟಿಯಾದಂದಿನಿಂದ ಎಷ್ಟು ಆರ್ಗಾನ್ ಒಳಗೆ ಕೂಡಿದೆ ಎಂದು ಎಣಿಸಿದರೆ ಹುಟ್ಟಿದ ಕಾಲ ಸಿಗುತ್ತದೆ. ಯುರೇನಿಯಂ ಸೀಸವಾಗುವ ಲೆಕ್ಕ ಇನ್ನೊಂದು ವಿಧಾನ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ವಿಧಾನದಲ್ಲಿ ಅಳೆದಾಗ ಬಂದ ಉತ್ತರಗಳು ಸುಮಾರು 8.5 ಕೋಟಿಯಿಂದ 9.3 ಕೋಟಿ ವರ್ಷದೊಳಗೆ ಬೀಳುತ್ತವೆ. ಈ ಅಂತರದ ಬಗ್ಗೆ ವಿಜ್ಞಾನಿಗಳಲ್ಲಿ ಜಗ್ಗಾಟ ಇದೆ. ನಮಗೆ ಇಲ್ಲಿ ಬೇಕಾದದ್ದು ಒಂದೇ: ಮಹಾರಾಷ್ಟ್ರವನ್ನೂ ನಮ್ಮ ವಿಜಯಪುರ, ಬೆಳಗಾವಿಯ ಕಡೆಯನ್ನೂ ಮುಚ್ಚಿದ ದಖನ್ನಿನ ದೊಡ್ಡ ಲಾವಾ ಪ್ರವಾಹ 6.6 ಕೋಟಿ ವರ್ಷದ ಹಿಂದಿನದು. ಮಲ್ಪೆಯದು ಅದಕ್ಕಿಂತ ಸುಮಾರು ಎರಡು ಕೋಟಿ ವರ್ಷವಾದರೂ ಹಿರಿದು. ಆದ್ದರಿಂದ ಎರಡಕ್ಕೂ ಸಂಬಂಧವಿಲ್ಲ. ಬೆಂಕಿ ಬೇರೆ, ಕಾರಣ ಬೇರೆ.

ಕಾರಣ ಸಿಕ್ಕಿದ್ದು ಸಮುದ್ರದ ಆಚೆ. ಮಡಗಾಸ್ಕರ್ ದ್ವೀಪದ ಅಂಚುಗಳ ತುಂಬ ಇದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳಿವೆ. ಇವತ್ತು ಮಲ್ಪೆಯಿಂದ ಮಡಗಾಸ್ಕರಿನ ಉತ್ತರ ತುದಿಗೆ ಸುಮಾರು 4,000 ಕಿ.ಮೀ. ಆ ಕಾಲದಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿದ್ದ ನೆಲ. ಆಫ್ರಿಕಾದಿಂದ ಎರಡೂ ಒಟ್ಟಿಗೆ ಮೊದಲೇ ಬೇರೆಯಾಗಿದ್ದವು. ಆಮೇಲೆ ಇವೆರಡರ ನಡುವೆಯೂ ಪಾಲಾಯಿತು. ಭೂಮಿಯ ಒಳಗಿನಿಂದ ಬಿಸಿ ಎದ್ದು ಮೇಲಿನ ಚಿಪ್ಪನ್ನು ಜಗ್ಗಿತು, ಚಿಪ್ಪು ತೆಳ್ಳಗಾಗಿ ಸೀಳಿತು, ಸೀಳಿನಲ್ಲಿ ಲಾವಾ ಉಕ್ಕಿತು. ಆ ಸೀಳಿನಲ್ಲೇ ಮುಂದೆ ಸಮುದ್ರ ಹೊಕ್ಕಿತು. ನಮ್ಮ ಪಶ್ಚಿಮ ಕರಾವಳಿ ನಕ್ಷೆಯಲ್ಲಿ ಗೆರೆ ಎಳೆದ ಹಾಗೆ ನೆಟ್ಟಗೆ ಇರುವುದಕ್ಕೆ ಇಂಥ ಒಡೆತಗಳೇ ಮೂಲ. ಸೇಂಟ್ ಮೇರೀಸ್ ದ್ವೀಪದ ಕಂಬಗಳು ಆ ಬೇರ್ಪಡುವಿಕೆಗೆ ಭಾರತದ ಕಡೆಯಲ್ಲಿ ಉಳಿದ ಸಾಕ್ಷಿ ಎಂದು ಬಹುಪಾಲು ಭೂವಿಜ್ಞಾನಿಗಳು ಒಪ್ಪುತ್ತಾರೆ.

ಇನ್ನೊಂದು ಪುರಾವೆ ಇದಕ್ಕಿಂತ ಸೋಜಿಗದ್ದು. ಲಾವಾ ಆರುವಾಗ ಅದರಲ್ಲಿರುವ ಕಬ್ಬಿಣದ ಖನಿಜದ ಕಣಗಳು ಆ ಜಾಗದ ಭೂಕಾಂತ ಯಾವ ದಿಕ್ಕಿಗಿದೆಯೋ ಆ ದಿಕ್ಕು ಹಿಡಿದು ಸೆಟೆದುಕೊಳ್ಳುತ್ತವೆ. ಭೂಕಾಂತದ ವಾಲು ಭೂಮಧ್ಯರೇಖೆಯಿಂದ ಎಷ್ಟು ದೂರ ಎಂಬುದರ ಮೇಲೆ ಬದಲಾಗುತ್ತದೆ. ಹಾಗಾಗಿ ಕಲ್ಲಿನೊಳಗಿನ ವಾಲು ಅಳೆದರೆ ಅದು ಯಾವ ಅಕ್ಷಾಂಶದಲ್ಲಿ ಹುಟ್ಟಿತೆಂದು ತಿಳಿಯುತ್ತದೆ. ಮಲ್ಪೆಯ ಕಂಬಗಳು ಹೇಳುವ ವಿಳಾಸ ಭೂಮಧ್ಯರೇಖೆಯ ದಕ್ಷಿಣದ್ದು, ಅದೂ ಬಹುದೂರದ್ದು. ಅಲ್ಲಿಂದ ಕರಾವಳಿಯೂ ಘಟ್ಟವೂ ರೋಣ ತಾಲೂಕೂ ಒಟ್ಟಿಗೇ ತೇಲಿ ಬಂದಿವೆ. ನಾವು ಕೂತ ನೆಲ ಈಗಲೂ ವರ್ಷಕ್ಕೆ ಐದು ಸೆಂ.ಮೀ. ಆಸುಪಾಸು ಉತ್ತರ, ಈಶಾನ್ಯದ ಕಡೆ ಸರಿಯುತ್ತಿದೆ.

ಅಂದ ಹಾಗೆ, ಆ ಲಾವಾ ಹರಿದಾಗ ಅಲ್ಲಿ ದ್ವೀಪವಿರಲಿಲ್ಲ. ಹವಾಯಿಯಲ್ಲಿ ಜ್ವಾಲಾಮುಖಿ ಸಮುದ್ರದ ತಳದಿಂದ ದ್ವೀಪ ಕಟ್ಟಿತು, ಇಲ್ಲಿ ಹಾಗಲ್ಲ. ನೆಲದ ಮೇಲೆ ಹರಿದ ಲಾವಾದ ಅಳಿದುಳಿದ ತುಣುಕು ಇದು. ಬಾಯಿ ತೆರೆದ ಕುಂಡ ಹುಡುಕಿದರೆ ಸಿಗುವುದಿಲ್ಲ. ದ್ವೀಪವಾದದ್ದು ಮೊನ್ನೆ ಮೊನ್ನೆ ಎನ್ನಬೇಕು. ಸುಮಾರು 20,000 ವರ್ಷದ ಹಿಂದಿನ ಹಿಮಯುಗದಲ್ಲಿ ಜಗತ್ತಿನ ಸಮುದ್ರಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಮಲ್ಪೆಯಿಂದ ಈ ಬಂಡೆಗಳಿಗೆ ನಡೆದೇ ಹೋಗಬಹುದಿತ್ತು. ಹಿಮ ಕರಗಿ ನೀರು ಏರಿ, ಕಳೆದ ಹತ್ತು ಸಾವಿರ ವರ್ಷಗಳ ಈಚೆಗೆ ಸುತ್ತ ಸಮುದ್ರ ಕವಿಯಿತು.

ಇನ್ನು ದ್ವೀಪದ ಹೆಸರಿನ ಕಥೆ. ವಾಸ್ಕೋ ಡ ಗಾಮ ಭಾರತಕ್ಕೆ ಬರುವಾಗ ಮೊದಲು ಕಾಲಿಟ್ಟದ್ದೇ ಈ ದ್ವೀಪಕ್ಕೆ ಎಂಬ ಕಥೆಯನ್ನು ದೋಣಿಯಲ್ಲಿ ತಪ್ಪದೆ ಹೇಳುತ್ತಾರೆ. ಅವನ ಹಡಗಿನ ದಿನಚರಿ ಬೇರೆ ಹೇಳುತ್ತದೆ. 1498ರಲ್ಲಿ ಕಲ್ಲಿಕೋಟೆಯ ವ್ಯವಹಾರ ಕೆಟ್ಟು ವಾಪಸು ಹೊರಟ ಮೇಲೆ, ಸೆಪ್ಟೆಂಬರಿನಲ್ಲಿ, ದಡದಿಂದ ತುಸು ದೂರದ ಒಂದು ದ್ವೀಪದಲ್ಲಿ ಪೋರ್ಚುಗೀಸರು ಸಾಂತಾ ಮರಿಯಾ ಹೆಸರಿನ ಕಲ್ಲಿನ ಸ್ತಂಭ ನೆಟ್ಟರು. ಅಲ್ಲಿಂದ ಮುಂದೆ ಕಾರವಾರದ ಹತ್ತಿರದ ಅಂಜುದೀವಿಗೆ ಹೋದರು. ಬರುವಾಗಲ್ಲ, ಹೋಗುವಾಗ. ಆ ಸ್ತಂಭದ ದ್ವೀಪವೇ ಇದು ಎಂಬುದು ನಡೆದುಬಂದ ನಂಬಿಕೆ, ಹೆಸರು ಅದರಿಂದ ಉಳಿಯಿತು. ಪಕ್ಕದ ದರಿಯಾ ಬಹದ್ದೂರ್‌ಗಡದಲ್ಲಿರುವ ಕೋಟೆಯ ಕುರುಹನ್ನು ಬಿದನೂರಿನ ಬಸಪ್ಪ ನಾಯಕನ ಕಾಲದ್ದೆನ್ನುತ್ತಾರೆ. ಅಲ್ಲಿಗೆ ಪ್ರವಾಸಿಗರು ಹೋಗುವುದು ಕಡಿಮೆ.

ದ್ವೀಪಕ್ಕೆ ಊರಿಲ್ಲ ಎಂದೆ. ಅದರ ಊರು ದಡದ ಮೇಲಿದೆ, ಮಲ್ಪೆ. ಸೂಟಿಗೆ ಬರುವವರಿಗೆ ಮಲ್ಪೆ ಬರೀ ಬೀಚು. ಅಲ್ಲಿನವರಿಗೆ ಅದು ಬಂದರು, ರಾಜ್ಯದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಒಂದು. ಅಲ್ಲಿನ ಮೀನುಗಾರರಾದ ಮೊಗವೀರರ ಬದುಕು ನಿಂತಿರುವುದು ಬಂಗುಡೆ, ಬೂತಾಯಿ, ಅಂಜಲ್ ಮೀನುಗಳ ಮೇಲೆ. ನಸುಕಿನಲ್ಲಿ ಬಂದರಿನ ಹರಾಜಿನ ಗದ್ದಲ ನೋಡಿದರೆ ನಮ್ಮ ಗದಗಿನ ಎ.ಪಿ.ಎಂ.ಸಿ.ಯವರಿಗೂ ಪರಿಚಯದ ವಾತಾವರಣ ಅನ್ನಿಸೀತು. ದರ ಕೂಗುವ ಭಾಷೆ ಮಾತ್ರ ತುಳು. ಬೀಚಿನ ಪಕ್ಕದಲ್ಲೇ ವಡಭಾಂಡೇಶ್ವರದ ಬಲರಾಮನ ಗುಡಿ. ಮಲ್ಪೆಯ ಹತ್ತಿರ ತೊಂದರೆಗೆ ಸಿಕ್ಕ ಹಡಗಿನಿಂದ ಬಂದ ಗೋಪೀಚಂದನದ ಗಡ್ಡೆಯಲ್ಲಿ ಮಧ್ವಾಚಾರ್ಯರಿಗೆ ವಿಗ್ರಹಗಳು ದೊರೆತವೆಂದೂ, ಬಲರಾಮನನ್ನು ಇಲ್ಲಿ, ಕೃಷ್ಣನನ್ನು ಉಡುಪಿಯಲ್ಲಿ ಪ್ರತಿಷ್ಠಾಪಿಸಿದರೆಂದೂ ಐತಿಹ್ಯ. ಮಠಕ್ಕೆ ಹೋಗಿ ಬಂದ ನಮ್ಮ ಬಸ್ಸುಗಳಲ್ಲಿ ಎಷ್ಟು ಈ ಗುಡಿಯ ಮುಂದೆ ನಿಲ್ಲುತ್ತವೆ?

ಪ್ರವಾಸೋದ್ಯಮ ಈ ಊರಿಗೆ ಬಂದದ್ದು ತಡವಾಗಿ, ಬಂದದ್ದು ಮಾತ್ರ ಜೋರಾಗಿ. 2016ರ ಜನವರಿಯಲ್ಲಿ ದೇಶದ ಮೊದಲ ವೈಫೈ ಬೀಚ್ ಎಂದು ಹೆಸರಾಯಿತು. 2022ರ ಮೇ ತಿಂಗಳಲ್ಲಿ ಅಲೆಯ ಮೇಲೆ ತೇಲುವ ಸೇತುವೆ ಹಾಕಿದರು. ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಸಮುದ್ರ ಅದನ್ನು ಬಿಚ್ಚಿ ಹಾಕಿತು. ಮೇ ತಿಂಗಳ ಅಲೆ ಹೇಗಿರುತ್ತದೆ ಎಂದು ಬಂದರಿನಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಜೂನ್ ಬಂದರೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧ, ದ್ವೀಪದ ದೋಣಿಯೂ ಮಳೆಗಾಲ ಮುಗಿಯುವವರೆಗೆ ಬಂದ್. ವರ್ಷಕ್ಕೆ ಮೂರು, ನಾಲ್ಕು ತಿಂಗಳು ಆ ಕಂಬಗಳಿಗೆ ಮನುಷ್ಯರ ಕಾಟವಿಲ್ಲ. ದ್ವೀಪದ ಮೇಲೆ ವಸತಿ, ರೆಸಾರ್ಟ್ ಬರದೆ ಉಳಿದದ್ದು ನಮ್ಮ ಪುಣ್ಯ ಎಂದೇ ನನ್ನ ಎಣಿಕೆ. ನೂರು ಮೀಟರ್ ಅಗಲದ ನೆಲದಲ್ಲಿ ಒಂದು ಕಟ್ಟಡಕ್ಕೆ ತಳಪಾಯ ತೋಡಿದರೂ ಒಡೆಯುವುದು ಒಂಬತ್ತು ಕೋಟಿ ವರ್ಷದ ದಾಖಲೆ.

ಜ್ವಾಲಾಮುಖಿ ದ್ವೀಪದ ಮೇಲೆಯೇ ಸೂಟಿಯ ಊರು ಕಟ್ಟಿಕೊಂಡವರ ಪಾಡು ಏನು ಎಂಬುದಕ್ಕೆ ಸ್ಪೇನ್ ದೇಶದ ಕ್ಯಾನರಿ ದ್ವೀಪಗಳಲ್ಲೊಂದಾದ ಲಾ ಪಾಲ್ಮಾ ನೋಡಬಹುದು. ಅಲ್ಲಿನ ಪುಯೆರ್ಟೊ ನಾವೋಸ್ ಕಪ್ಪು ಮರಳಿನ ದಡದ ಚಿಕ್ಕ ಊರು, ಸುತ್ತ ಬಾಳೆಯ ತೋಟ, ಯುರೋಪಿನ ಚಳಿಗೆ ಓಡಿಬರುವವರ ಬಾಡಿಗೆ ಮನೆಗಳು. 2021ರ ಸೆಪ್ಟೆಂಬರ್ 19ರಂದು ಮೇಲಿನ ಗುಡ್ಡ ಬಾಯಿ ಬಿಟ್ಟಿತು. 85 ದಿನ ಉರಿದು ಡಿಸೆಂಬರ್ 13ಕ್ಕೆ ನಿಂತಿತು. ಲಾವಾ ಸಾವಿರಕ್ಕೂ ಹೆಚ್ಚು ಮನೆಗಳನ್ನು ನುಂಗಿತು, ಪುಯೆರ್ಟೊ ನಾವೋಸಿನ ಮನೆಗಳನ್ನು ಮಾತ್ರ ಮುಟ್ಟಲಿಲ್ಲ. ಆದರೂ ಜನ ಮರಳಲಾಗಲಿಲ್ಲ. ನೆಲದೊಳಗಿನಿಂದ ಕಾರ್ಬನ್ ಡೈಆಕ್ಸೈಡ್ ಜಿನುಗುತ್ತಲೇ ಇತ್ತು. ಗಾಳಿಗಿಂತ ಭಾರವಾದ ಆ ಅನಿಲ ನೆಲಮಾಳಿಗೆ, ಗ್ಯಾರೇಜುಗಳಲ್ಲಿ ತುಂಬಿ ನಿಂತಿತು. ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರು ಕಟ್ಟಿಸಿ ಕೊಲ್ಲುತ್ತದೆ. ಎರಡು ವರ್ಷ ದಾಟಿದ ಮೇಲೂ ಬಹುತೇಕರು ತಮ್ಮ ಮನೆಯ ಬೀಗ ತೆಗೆಯಲಾಗದೆ ಹೊರಗೇ ಉಳಿದರು. ಮಲ್ಪೆಗೆ ಆ ಭಯವಿಲ್ಲ, ಇಲ್ಲಿನ ಬೆಂಕಿ ಪೂರ್ತಿ ಆರಿ ಹೋಗಿದೆ. ನಮ್ಮ ದೇಶದಲ್ಲಿ ಈಗಲೂ ಉಸಿರಾಡುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಮಾತ್ರ ಇದೆ. 1787ರಲ್ಲಿ ಅದರ ಸಿಡಿತ ಮೊದಲು ದಾಖಲಾಯಿತು, ಬಹುಕಾಲ ತಣ್ಣಗಿದ್ದು 1991ರಲ್ಲಿ ಮತ್ತೆ ಎದ್ದಿತು. ಅಲ್ಲಿ ಮನುಷ್ಯರ ವಾಸವಿಲ್ಲ.

ಮಲ್ಪೆಯಲ್ಲಿ ಹೆದರಬೇಕಾದದ್ದು ನೀರಿಗೆ. ಕಂಬಗಳ ತುದಿ ಅಲೆಯ ನೀರಿಗೆ ಪಾಚಿ ಹಿಡಿದು ಜಾರುತ್ತದೆ, ಆಚೆ ಸಮುದ್ರ ತಟಕ್ಕನೆ ಆಳ. ಫೋಟೊ ತೆಗೆಯಲು ಅಂಚಿಗೆ ಹೋಗಿ ಪ್ರಾಣ ಕಳೆದುಕೊಂಡ ಕಾಲೇಜು ಹುಡುಗರಿದ್ದಾರೆ. ಕಾವಲುಗಾರರು ಸೀಟಿ ಊದಿದರೆ ನಮ್ಮವರಿಗೆ ಸಿಟ್ಟು. ಆ ಸೀಟಿಗೆ ಕಾರಣವಿದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ದಡದಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಸಮುದ್ರ ಕಾಣದ ಬಯಲುಸೀಮೆಯ ಮಕ್ಕಳನ್ನು ದಡಕ್ಕೆ ಬಿಡುವ ಮುನ್ನ ಮಾಸ್ತರರು, ಅಕ್ಕೋರು ಇದನ್ನು ನೆನಪಿಡಬೇಕು.

ಎರಿಯ ಬಗ್ಗೆ ಇನ್ನೊಂದು ಮಾತು ಸೇರಿಸಿ ಬಿಡುತ್ತೇನೆ. ಎರೆಮಣ್ಣೆಂದರೆ ಜ್ವಾಲಾಮುಖಿಯ ಲಾವಾ ಪುಡಿಯಾದದ್ದು ಎಂದು ಪಾಠದಲ್ಲಿ ಓದಿದ್ದೇವೆ. ದಖನ್ನಿನ ಬಹುಭಾಗಕ್ಕೆ ಅದು ಸರಿ. ರೋಣದ ಕಡೆಗೆ ಹಾಗೇ ಅನ್ವಯಿಸುವುದಿಲ್ಲ. ದಖನ್ನಿನ ಲಾವಾ ಹಾಸು ನಮ್ಮ ಉತ್ತರಕ್ಕೇ ನಿಂತುಬಿಡುತ್ತದೆ. ಗದಗ ಜಿಲ್ಲೆಯ ತಳದಲ್ಲಿರುವುದು ಅದಕ್ಕಿಂತ ಎಷ್ಟೋ ಹಳೆಯ ನೈಸ್, ಶಿಸ್ಟ್ ಶಿಲೆಗಳು, ಗಜೇಂದ್ರಗಡದಲ್ಲಿ ಮರಳುಗಲ್ಲು. ಅಂಥ ಕಲ್ಲು ಸವೆದ ಕಡೆಯೂ ಹವೆ, ನೀರು, ತಗ್ಗು ಹೊಂದಿದರೆ ಎರಿ ಆಗುತ್ತದೆ. ನಮ್ಮ ಹೊಲಕ್ಕೂ ಮಲ್ಪೆಯ ಕಂಬಕ್ಕೂ ರಕ್ತಸಂಬಂಧ ಹುಡುಕಬೇಕಿಲ್ಲ, ಕುಗ್ಗಿ ಸೀಳುವ ನಿಯಮ ಒಂದೇ ಎಂದು ತಿಳಿದರೆ ಸಾಕು.

ಆದ್ದರಿಂದ ಈ ಸಲ ಪ್ರವಾಸದ ಪಟ್ಟಿ ಮಾಡುವ ಮಾಸ್ತರರಿಗೆ ಒಂದು ವಿನಂತಿ. ಹೊರಡುವ ವಾರದಲ್ಲಿ ಮಕ್ಕಳನ್ನು ಊರ ಹೊರಗಿನ ಎರಿಹೊಲಕ್ಕೋ ನೀರು ಇಂಗಿದ ಕೆರೆಯಂಗಳಕ್ಕೋ ಒಂದು ತಾಸು ಕರೆದೊಯ್ಯಿರಿ. ಸೀಳುಗಳ ನಡುವಿನ ತುಂಡುಗಳಿಗೆ ಎಷ್ಟು ಮೂಲೆ ಎಂದು ಎಣಿಸಿ ಬರೆದುಕೊಳ್ಳಲಿ, ಸೀಳು ಎಷ್ಟು ಆಳವೆಂದು ಕಡ್ಡಿ ಇಳಿಸಿ ನೋಡಲಿ. ಅದೇ ನೋಟ್‌ಬುಕ್ಕು ಹಿಡಿದು ತೆಂಗಿನ ದ್ವೀಪದಲ್ಲಿ ಕಂಬಗಳ ಮೂಲೆ ಎಣಿಸಲಿ, ಅಂಚಿಗೆ ಹೋಗದೆ, ನೀರಿಗಿಳಿಯದೆ. ಕಲ್ಲಿನ ಚೂರು ಯಾರೂ ಚೀಲಕ್ಕೆ ಹಾಕಿಕೊಳ್ಳಬಾರದು. ಕುಡಿಯುವ ನೀರು ದಡದಿಂದಲೇ ಒಯ್ಯಬೇಕು, ಖಾಲಿ ಬಾಟಲಿ ವಾಪಸು ತರಬೇಕು. ದೋಣಿ ಓಡುವುದು ಮಳೆಗಾಲ ಕಳೆದ ಮೇಲೆ, ಸಮುದ್ರ ಶಾಂತವಿದ್ದರೆ ಮಾತ್ರ. ಹೊರಡುವ ಮುಂಚೆ ಮಲ್ಪೆಯಲ್ಲಿ ವಿಚಾರಿಸಿಕೊಂಡೇ ಹೋಗಿರಿ.